ಅತ್ತೆಗಾಗಿ ನಾನು ನೋಡಿದ ಪಂದ್ಯ

ಅತ್ತೆಯ ಬಲಗಣ್ಣಿನ ಪೊರೆ ತೆಗೆದ ಆರನೆಯ ದಿನಕ್ಕೆ ನಮ್ಮ ತಂಡದ ಸೀಸನ್ನಿನ ಮೊದಲ ಪಂದ್ಯ ಬಿತ್ತು. ಎಡಗಣ್ಣಿನದು ಇನ್ನೂ ಆಗಬೇಕಿತ್ತು. ಆಪರೇಷನ್ನಿಗೆ ದಿನ ಗೊತ್ತುಮಾಡುವಾಗ ಲೀಗ್ ಪಂದ್ಯಗಳ ಪಟ್ಟಿ ಬಂದಿರಲಿಲ್ಲ. ಪಟ್ಟಿ ಬರಲಿ, ಆಮೇಲೆ ನೋಡೋಣ ಎಂದು ಡಾಕ್ಟರಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ಆನೆಕೊಂಡದಲ್ಲಿ. ನಮ್ಮ ಮನೆಯಲ್ಲಿ ಆಟವೆಂದರೆ ಕ್ರಿಕೆಟ್, ಅದೂ ಅಪ್ಪ, ಅಣ್ಣ ಟಿವಿಯ ಮುಂದೆ ಕೂತು ನೋಡುವುದು. ಮದುವೆಯಾಗಿ ಹರಿಹರಕ್ಕೆ ಬಂದ ಮೂರನೆಯ ಭಾನುವಾರ ಅತ್ತೆ ಒಳ್ಳೆಯ ಸೀರೆಯುಟ್ಟು ಬಾಗಿಲಲ್ಲಿ ನಿಂತರು. “ಮ್ಯಾಚಿಗೆ ಬರ್ತೀಯೇನವ್ವಾ?” ದೇವಸ್ಥಾನಕ್ಕೆ ಕರೆದಷ್ಟೇ ಸಹಜವಾಗಿತ್ತು ಆ ಕರೆ. ಮಾವ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಆಡಿದವರು. ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವರು ಹೋದ ಮೇಲೂ ಅತ್ತೆ ಮೈದಾನ ಬಿಟ್ಟಿರಲಿಲ್ಲ. “ನಾನೇನು ಅವರನ್ನಷ್ಟೇ ನೋಡಾಕೆ ಹೋಗ್ತಿದ್ನಾ? ಆಟಾನೂ ನೋಡ್ತಿದ್ದೆ” ಎನ್ನುತ್ತಿದ್ದರು. ಆಫ್‌ಸೈಡ್ ಅಂದರೇನೆಂದು ಕಲಿಸಿದ್ದು ಹಿತ್ತಲಲ್ಲಿ. ಬಟ್ಟೆ ಒಣಹಾಕುವ ತಂತಿಯೇ ಗೆರೆ. ಅದರ ಕೆಳಗೆ ನನ್ನನ್ನು ನಿಲ್ಲಿಸಿ, “ಚೆಂಡು ಕೊಡೋನ ಕಾಲು ಬಿಡಾಕೆ ಮುಂಚೆ ನೀ ತಂತಿ ದಾಟಿದ್ಯೋ, ಕೆಟ್ಟೆ” ಎಂದರು. ಹೊಸ ಮನೆಯಲ್ಲಿ ನನ್ನ ಹೆದರಿಕೆ ಬಿಟ್ಟುಹೋದದ್ದು ಆ ಸಂಜೆ.

ಹಿಂದಿನ ಸೀಸನ್ನಿನಲ್ಲಿ ನಮ್ಮ ಹರಿಹರದ ತಂಡ ಒಂದೂ ಪಂದ್ಯ ಗೆದ್ದಿರಲಿಲ್ಲ. ಈ ಸಲ ಎಡಗಾಲಿನಲ್ಲಿ ಒದೆಯುವ ಹೊಸ ಆಟಗಾರನೊಬ್ಬ ಸೇರಿದ್ದ. ಲೇತ್ ಕೆಲಸದವನು. ನಾನು ಭಾನುವಳ್ಳಿಯ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ವಾರ ಬಸ್ಸಿನಲ್ಲಿ ಹೋಗುತ್ತ ಬರುತ್ತ ನನ್ನ ಆಸೆ ದಿನದಿಂದ ದಿನಕ್ಕೆ ಬೆಳೆಯಿತು. ಸೋಮವಾರ, ಮರ್ಯಾದೆಯಾಗಿ ಸೋತರೆ ಸಾಕು ಅನ್ನಿಸಿತ್ತು. ಬುಧವಾರದ ಹೊತ್ತಿಗೆ ಡ್ರಾ ಬೇಕೆನಿಸಿತು. ಶುಕ್ರವಾರ ಮನಸ್ಸಿನಲ್ಲೇ ಎರಡು ಗೋಲಿನಿಂದ ಗೆದ್ದೆವು. ಶನಿವಾರ, ಕಪ್ ಗೆದ್ದರೆ ಅದನ್ನಿಡಲು ಒಂದು ಬೀರುವೂ ಇಲ್ಲವಲ್ಲ ಎಂದು ಚಿಂತೆ ಹತ್ತಿತು.

ಅತ್ತೆಯನ್ನು ಬಿಟ್ಟು ಹೋಗುವುದು ಹೇಗೆ ಎಂಬುದು ಇನ್ನೊಂದು ಚಿಂತೆ. ಪಂದ್ಯ ಇದ್ದದ್ದು ದಾವಣಗೆರೆಯಲ್ಲಿ, ಅಲ್ಲಿಯ ತಂಡದ ಮೇಲೆಯೇ. “ದೂಳು ಐತೆ, ಬ್ಯಾಡ” ಎಂದು ನನ್ನ ಗಂಡ ಹೇಳಿಬಿಟ್ಟಿದ್ದರು. ಅತ್ತೆ ನನ್ನ ಫೋನ್ ತಂದು ಕೈಗಿಟ್ಟರು. “ಡಾಕ್ಟರನ್ನೇ ಕೇಳು.” ಕರಿ ಕನ್ನಡಕ ತೆಗೆಯಬಾರದು, ಎದ್ದು ಕುಣಿಯಬಾರದು, ಹೊತ್ತಿಗೆ ಸರಿಯಾಗಿ ಹನಿ ಹಾಕಬೇಕು ಎಂಬ ಕರಾರಿನ ಮೇಲೆ ಡಾಕ್ಟರು ಒಪ್ಪಿದರು. ಕೊನೆಗೆ ನಗುತ್ತ, “ಗೆದ್ದು ಬರ್ರಿ” ಎಂದೂ ಸೇರಿಸಿದರು.

ಬಸ್ಸಿಳಿಯುವಾಗ ಅಣ್ಣ ಛತ್ರಿ ಹಿಡಿದು ಕಾಯುತ್ತಿದ್ದ. ಅವನು ದಾವಣಗೆರೆಯ ಕಡೆಯವನು. ಆದರೂ ಅತ್ತೆಯ ಕೈಹಿಡಿದು ಮೈದಾನದ ನೆರಳಿರುವ ಮೆಟ್ಟಿಲಿಗೆ ಕರೆದೊಯ್ದು, ಟವೆಲ್ ಹಾಸಿ, “ಕೂಡ್ರಿ ಅತ್ತೆ. ಇವತ್ತು ನಿಮ್ಮವರಿಗೆ ನಾಕು ಬೀಳ್ತಾವೆ” ಎಂದ. “ಬೀಳ್ಲಿ ನೋಡಾಣ” ಎಂದರು ಅತ್ತೆ.

ಆದರೆ ಅವರಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಅದು ಗೊತ್ತಾದದ್ದು ಸೀಟಿ ಊದಿದ ಮೇಲೆ. ಒಂದು ಕಣ್ಣಿಗೆ ಪೊರೆ, ಇನ್ನೊಂದಕ್ಕೆ ಮಂಜು. “ಕೆಂಪು ಬಣ್ಣ ಓಡಾಡ್ತೈತೆ, ಅಷ್ಟೇ” ಎಂದು ಮೆಲ್ಲಗೆ ಹೇಳಿದರು. “ನೀ ನೋಡಿ ಹೇಳವ್ವಾ.”

“ಚೆಂಡು ಆ ಕಡೆ ಹೋತ್ರಿ” ಎಂದೆ.

“ಆ ಕಡೆ ಅಂದ್ರೆ? ಯಾರ ಕಾಲಾಗೈತೆ? ಮುಂದೆ ಯಾರು ಖಾಲಿ ಅದಾರೆ?”

ಪಾಠ ಮತ್ತೆ ಶುರುವಾಯಿತು. ಹೇಳುತ್ತ ಹೇಳುತ್ತ ನನಗೂ ರೂಢಿಯಾಯಿತು. ಚೆಂಡನ್ನಷ್ಟೇ ಹಿಂಬಾಲಿಸುತ್ತಿದ್ದ ನನ್ನ ಕಣ್ಣು ಮೊದಲ ಸಲ ಇಡೀ ಮೈದಾನವನ್ನು ನೋಡಿತು. ಮೊದಲರ್ಧದಲ್ಲಿ ದಾವಣಗೆರೆಯವರು ಗೋಲು ಹೊಡೆದರು. ಅಣ್ಣ ಎದ್ದು ಕೂಗಲು ಹೋದವನು ಅತ್ತೆಯ ಮುಖ ನೋಡಿ ಕೂತ. ಎರಡನೆಯ ಅರ್ಧದ ಕೊನೆಗೆ ನಮ್ಮ ಎಡಗಾಲಿನವನು ಮೂಲೆಯಿಂದ ಚೆಂಡನ್ನು ಎತ್ತಿ ಹಾಕಿದ. ಆಮೇಲಿನದನ್ನು ನಾನು ಹೇಳಲಿಲ್ಲ, ಕಿರುಚಿದೆ.

“ಯಾರೇ? ಹೆಂಗೆ?” ಅತ್ತೆ ನನ್ನ ಮಣಿಕಟ್ಟು ಹಿಡಿದ ರಭಸಕ್ಕೆ ಎರಡು ಬಳೆ ಒಡೆದವು.

“ತಲೇಲಿ ಅತ್ತೆ! ಎಡಗಾಲಿನೋನು ಹಾಕ್ದ, ನಮ್ಮ ಸೆಂಟರಿನೋನು ತಲೇಲಿ ಹೊಡ್ದ!”

ಕುಣಿಯಬಾರದೆಂಬ ಮಾತು ನೆನಪಾಗಿ ಅತ್ತೆ ಕೂತಲ್ಲೇ ಎರಡೂ ಕೈ ಮೇಲೆತ್ತಿದರು. ಪಂದ್ಯ ಒಂದು-ಒಂದಕ್ಕೆ ಮುಗಿಯಿತು. ಅಣ್ಣ ನಮ್ಮಿಬ್ಬರಿಗೂ ಬೆಣ್ಣೆದೋಸೆ ತಿನ್ನಿಸಿ, ಸಂಜೆಯ ಬಸ್ಸಿಗೆ ಹತ್ತಿಸಿ, ಸೀಟು ಸಿಗುವವರೆಗೂ ನಿಂತಿದ್ದ.

ಈಗ ಅತ್ತೆಯ ಎರಡೂ ಕಣ್ಣು ಸ್ವಚ್ಛವಾಗಿವೆ. ಗೋಲ್‌ಕೀಪರನ ಬೂಟಿನ ಲೇಸು ಬಿಚ್ಚಿದ್ದೂ ಕಾಣುತ್ತದೆ. ಮೊನ್ನೆಯ ಪಂದ್ಯದಲ್ಲಿ, ಇನ್ನು ನನ್ನ ಕೆಲಸವೇನು ಎಂದು ಬಾಯಿ ಮುಚ್ಚಿ ಕೂತಿದ್ದೆ. ಹತ್ತು ನಿಮಿಷ ಕಳೆದಿರಬೇಕು, ಅತ್ತೆ ಮೈದಾನದಿಂದ ಕಣ್ಣು ತೆಗೆಯದೆ ಮೊಣಕೈಯಿಂದ ತಿವಿದರು.

“ಯಾಕ ಸುಮ್ನೆ ಕುಂತೀ? ಹೇಳವ್ವಾ.”

ಹೇಳತೊಡಗಿದೆ.