ನಮ್ಮ ಫ್ಲ್ಯಾಟಿಗೊಂದು ಅಟ್ಟ

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮೇಲಿನ ಮನೆಯಲ್ಲಿ ಯಾವುದೋ ಮಗು ಗೋಲಿಯ ಡಬ್ಬಿ ಮಗುಚಿತು. ಗೋಲಿಗಳು ನೆಲದ ಮೇಲೆ ಚೆಲ್ಲಿ ಉರುಳುವ ಸದ್ದು ನಿಮಗೂ ಗೊತ್ತಿರುತ್ತದೆ, ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ನಾನು ಮಾತ್ರ ಸಟ್ಟುಗವನ್ನು ಕಾವಲಿಯ ಮೇಲೇ ಬಿಟ್ಟು ಮಕ್ಕಳ ಕೋಣೆಗೆ ಓಡಿದೆ. ಇಬ್ಬರು ಹುಡುಗಿಯರೂ ಅಲ್ಲೇ ಕೂತು ಬಣ್ಣ ಬಳಿಯುತ್ತಿದ್ದರು. "ಎಂತಾಯ್ತಮ್ಮ?" ಎಂದು ಕೇಳಿದರು. ಎಂತದೂ ಇಲ್ಲ ಎಂದು ಮುಖ ಒರೆಸಿಕೊಂಡು ವಾಪಸು ಬಂದೆ. ದೋಸೆ ಸೀದು ಕರಕಲಾಗಿತ್ತು.

ಉರುಳುವ ಸದ್ದಿಗೆ ನನ್ನ ಎದೆ ಹೀಗೆ ಹಾರತೊಡಗಿ ಒಂದು ವರ್ಷವಾಯಿತು. ಕಾರಣ ಒಂದು ಮಂಚ.

ಕೊಪ್ಪದಲ್ಲಿ ನಮ್ಮದು ಎರಡು ಕೋಣೆಯ ಫ್ಲ್ಯಾಟು. ಫ್ಲ್ಯಾಟು ಎಂದ ಕೂಡಲೇ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಮಕ್ಕಳ ಕೋಣೆಯಲ್ಲಿ ಎರಡು ಮಂಚ ಹಾಕಿದರೆ ಬಾಗಿಲು ತೆರೆಯುವುದಿಲ್ಲ, ಬಾಗಿಲು ತೆರೆದರೆ ಕಪಾಟು ತೆರೆಯುವುದಿಲ್ಲ. ದೊಡ್ಡವಳು ಅನಘ ಆಗ ನಾಲ್ಕನೇ ಕ್ಲಾಸು, ಚಿಕ್ಕವಳು ಪುಟ್ಟಿ ಯುಕೆಜಿ. ಹಾಗಾಗಿ ಒಂದರ ಮೇಲೊಂದು ಇರುವ ಬಂಕ್ ಬೆಡ್ ತರುವುದೆಂದು ನಾನೂ ನಮ್ಮನೆಯವರೂ ತೀರ್ಮಾನಿಸಿದೆವು.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳುವವಳು. ಅಳೆಯುವುದೆಂದರೆ ನನಗೆ ಹುಚ್ಚು. ಅಂಗಡಿಗೆ ಹೋಗುವಾಗ ಚೀಲದಲ್ಲಿ ಅಳತೆಯ ಟೇಪಿನ ಜೊತೆ ಸುಲಿದ ತೆಂಗಿನಕಾಯಿಯನ್ನೂ ಹಾಕಿಕೊಂಡಿದ್ದೆ. ಮೇಲಿನ ಮಂಚದ ಪಕ್ಕದ ಕಂಬಿಗಳ ನಡುವೆ ಕಾಯಿ ತೂರಿದರೆ ಮಗುವಿನ ತಲೆ ಸಿಕ್ಕಿಕೊಳ್ಳುವ ಭಯವಿದೆ ಎಂದು ನನ್ನ ಲೆಕ್ಕ. ಕೊಪ್ಪದ ಅಂಗಡಿಯಲ್ಲಿ ಕಾಯಿ ಸಲೀಸಾಗಿ ತೂರಿ ಆ ಕಡೆ ಬಿದ್ದು ಉರುಳಿತು. ಅಂಗಡಿಯವನು ಅದನ್ನು ಎತ್ತಿಕೊಡುತ್ತ, "ಏನಾಗಲ್ಲ ಮೇಡಂ, ಎಲ್ರೂ ಇದೇ ತಗೊಂಡು ಹೋಗ್ತಾರೆ" ಎಂದ. ನನಗೆ ದಿಗಿಲಾಯಿತು. ಊರಿನ ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳು ಈ ಕಂಬಿಗಳ ಪಕ್ಕದಲ್ಲಿ ಮಲಗಿವೆಯೋ ಎಂದು ದಾರಿಯುದ್ದಕ್ಕೂ ಗೊಣಗಿದೆ.

ಶೃಂಗೇರಿಯಲ್ಲಿ ನೋಡಿದ್ದು ಗುಲಾಬಿ ಬಣ್ಣದ ಮಂಚ. ಅನಘ ಅದನ್ನು ಬಿಟ್ಟು ಬರಲೊಲ್ಲೆ ಎಂದು ಕೂತಳು. ಆದರೆ ಮೇಲೆ ಹಾಸಿಗೆ ಹಾಕಿ ನೋಡಿದರೆ ಕಂಬಿ ಉಳಿಯುವುದು ನಾಲ್ಕು ಬೆರಳು. ಮಗ್ಗುಲು ಬದಲಿಸಿದ ಮಗು ನೇರ ನೆಲಕ್ಕೆ. ನಮ್ಮನೆಯವರನ್ನು ಹತ್ತಿಸಿ ಮಲಗಿಸಿದೆ. ಅವರು ಉಸಿರಾಡಿದರೂ ಮಂಚ ಕಿರ್ರೆಂದಿತು. "ಇಳಿಲಾ ಮಾರಾಯ್ತಿ, ಜನ ನೋಡ್ತಿದಾರೆ" ಎಂದರು. ಕೊನೆಗೆ ನರಸಿಂಹರಾಜಪುರದಲ್ಲಿ ಒಂದು ಸಿಕ್ಕಿತು. ದಪ್ಪ ಕಾಲುಗಳ ಮರದ ಮಂಚ, ಏಣಿಯನ್ನು ಬೋಲ್ಟ್ ಹಾಕಿ ಬಿಗಿದಿದ್ದರು, ಕಾಯಿ ತೂರಲಿಲ್ಲ, ಅಲುಗಾಡಿಸಿದರೆ ನಾನೇ ಅಲುಗಿದೆ. ಗೆದ್ದವಳಂತೆ ಮನೆಗೆ ತಂದು ಜೋಡಿಸಿದರೆ, ಅನಘ ಮೇಲೆ ಹತ್ತಿ ಎದ್ದು ಕೂತು ಕೈ ಚಾಚಿದಳು. ಕೈ ಸೀಲಿಂಗ್ ಫ್ಯಾನಿಗೆ ಎಟುಕಿತು. ಫ್ಯಾನು ನಿಂತಿತ್ತು, ದೇವರು ದೊಡ್ಡವನು. ಮೂರು ಊರು ಸುತ್ತಿ ಅಳೆದವಳಿಗೆ ಸ್ವಂತ ಮನೆಯ ಮಾಡಿನ ಎತ್ತರ ಅಳೆಯಬೇಕೆಂದು ಹೊಳೆದಿರಲಿಲ್ಲ ನೋಡಿ. ಮಾರನೇ ದಿನವೇ ಆ ಫ್ಯಾನನ್ನು ತೆಗೆಸಿ ಗೋಡೆಯ ಫ್ಯಾನು ಹಾಕಿಸಿದೆ. ಇನ್ನು ನನ್ನ ಮಕ್ಕಳಿಗೆ ಏನೂ ಆಗುವುದಿಲ್ಲ ಎಂದು ಅವತ್ತು ಸುಖವಾಗಿ ನಿದ್ದೆ ಮಾಡಿದೆ.

ಬೇಸಿಗೆ ರಜಕ್ಕೆ ಮೆಣಸೆಯಿಂದ ಅತ್ತೆ ಬಂದರು. ಭಾವನವರ ತುಂಬಿದ ಮನೆಯಲ್ಲಿ ಇರುವವರು, ನಾನು ಕಾಲೇಜಿಗೆ ಹೋದಾಗ ಪುಟ್ಟಿಯನ್ನು ನೋಡಿಕೊಳ್ಳಲೆಂದು ಮಕ್ಕಳ ರಜದಲ್ಲಿ ನಮ್ಮಲ್ಲಿಗೆ ಬರುತ್ತಾರೆ. ಕೋಣೆಯ ಬಾಗಿಲಲ್ಲಿ ನಿಂತು ಮಂಚವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅಂತೂ ನಿಮ್ಮನೆಗೂ ಒಂದು ಅಟ್ಟ ಆಯ್ತು" ಎಂದರು. ನಾನು ನಕ್ಕೆ.

ನಮ್ಮ ಕಡೆಯವರಿಗೆ ಅಟ್ಟವೆಂದರೆ ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಮೆಣಸೆಯ ಮನೆಯ ಅಟ್ಟಕ್ಕೆ ಹಾಸಿರುವುದು ಅಂಗೈ ದಪ್ಪದ ಹಲಗೆ, ಅದನ್ನು ಹೊತ್ತಿರುವ ತೊಲೆಯನ್ನು ನನ್ನ ತೋಳು ಬಳಸಲಾರದು. ಅಡಿಕೆ, ಭರಣಿ, ಕಂಚಿನ ಪಾತ್ರೆ, ಬಾಣಂತಿ ಮಂಚ, ಕೆಟ್ಟ ರೇಡಿಯೊ, ಕಾಪಾಡಬೇಕಾದದ್ದು ಯಾವುದಿದ್ದರೂ ಅಟ್ಟಕ್ಕೆ. ತೇವವಿಲ್ಲ, ಇಲಿ ಹೆಗ್ಗಣದ ಕಾಟ ಕಡಿಮೆ. ಅದರ ಕೆಳಗೇ ತೊಟ್ಟಿಲು ಕಟ್ಟುವುದು, ಏಕೆಂದರೆ ಮನೆಯಲ್ಲಿ ಅಲ್ಲಿಯೇ ಬೆಚ್ಚಗೆ. ನಮ್ಮನೆಯವರು ಕಣ್ಣು ಬಿಟ್ಟು ನೋಡಿದ ಮೊದಲ ಆಕಾಶವೇ ಆ ಹಲಗೆಗಳು. ಮೇಲಿರುವುದು ಕೆಳಗೆ ಬರುತ್ತದೆ ಎಂಬ ಯೋಚನೆಯೇ ಆ ಮನೆಯವರ ತಲೆಯಲ್ಲಿ ಹುಟ್ಟುವುದಿಲ್ಲ.

ಅನಘ ರಜಕ್ಕೆಂದು ಶೆಟ್ಟಿಕೊಪ್ಪದ ನನ್ನ ತವರಿಗೆ ಹೋಗಿದ್ದಳು. ಮೇಲಿನ ಮಂಚ ಖಾಲಿಯಿತ್ತು. ಮೊದಲು ಹಪ್ಪಳದ ಡಬ್ಬಿ ಹತ್ತಿತು, ಆಮೇಲೆ ಮಿಡಿ ಉಪ್ಪಿನಕಾಯಿಯ ಭರಣಿ. "ಅನಘ ಬಂದ ಕೂಡಲೇ ಇಳಿಸ್ತೀನಿ ಮಾರಾಯ್ತಿ" ಎಂದರು ಅತ್ತೆ. ಅಷ್ಟೇ ತಾನೇ ಎಂದು ನಾನೂ ಸುಮ್ಮನಾದೆ.

ಅವತ್ತು ಕಾಲೇಜಿನಿಂದ ಬೇಗ ಬಂದೆ. ಮಧ್ಯಾಹ್ನ, ಪುಟ್ಟಿ ಮಲಗುವ ಹೊತ್ತು. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ತಳ್ಳಿದರೆ ಅಡಿಯಲ್ಲಿ ಏನೋ ಸಿಕ್ಕಿಕೊಂಡಿತು. ಬಗ್ಗಿ ನೋಡಿದರೆ ಅಡಿಕೆ. ಹಾಲಿನ ತುಂಬ ಅಡಿಕೆ, ಬಾಗಿಲು ತಾಗಿ ಒಂದೆರಡು ಉರುಳಿಹೋದವು. ಯಾಕೆಂದು ಯೋಚಿಸದೆ ಮಕ್ಕಳ ಕೋಣೆಗೆ ಹೋದೆ.

ಮೇಲಿನ ಮಂಚದ ನಡುವಿನ ಅಡ್ಡಪಟ್ಟಿಗಳು ಮುರಿದು ಕೆಳಕ್ಕೆ ಜೋತುಬಿದ್ದಿದ್ದವು. ಅವುಗಳ ನಡುವಿನಿಂದ ಹಾಸಿಗೆ ಜಾರಿತ್ತು. ಕೆಳಗೆ, ಪುಟ್ಟಿಯ ದಿಂಬಿನ ಮೇಲೆ, ಅಡಿಕೆಯ ಗೋಣಿಚೀಲ ಕೂತಿತ್ತು. ಪಕ್ಕದಲ್ಲಿ ಇನ್ನೊಂದು, ಬಾಯಿ ಬಿಚ್ಚಿಕೊಂಡು ಬಿದ್ದಿತ್ತು. ಹೊದಿಕೆ ಚೀಲದ ಅಡಿಯಲ್ಲಿ ಉಬ್ಬಿತ್ತು. ಹಾಸಿಗೆಯೆಲ್ಲ ಕೆಂಪು.

ಆ ಕ್ಷಣದ ಬಗ್ಗೆ ನಿಮಗೆ ಸರಿಯಾಗಿ ಹೇಳಲಾರೆ. ಚೀಲ ಹಿಡಿದು ಎಳೆದೆ, ಅದು ಜಗ್ಗಲಿಲ್ಲ. ಮಂಡಿಯೂರಿ ಕೈಯನ್ನು ಅಡಿಗೆ ತೂರಿಸಿ ತಡಕಿದೆ. ಕೈಗೆ ಕೆಂಪು ಮೆತ್ತಿತು. ಇಷ್ಟಾದರೂ ಮೂಗಿಗೆ ಸಾಸಿವೆಯ ಘಾಟು ತಿಳಿದದ್ದು ಎಷ್ಟೋ ಹೊತ್ತಿನ ಮೇಲೆ. ಭರಣಿ ಒಡೆದು ಚೆಲ್ಲಿದ ಉಪ್ಪಿನಕಾಯಿಯ ರಸ. ಹೊದಿಕೆಯ ಉಬ್ಬು ಬರೀ ಉಬ್ಬು. ಕೂಸು ಅಲ್ಲಿರಲಿಲ್ಲ. ಹಾಗಾದರೆ ಎಲ್ಲಿ ಎಂದು ಹೊಸ ಹೆದರಿಕೆ ಶುರುವಾಗುವಷ್ಟರಲ್ಲಿ ಮೆಟ್ಟಿಲ ಮೇಲೆ ಪುಟ್ಟ ಕಾಲಿನ ಸಪ್ಪಳವಾಯಿತು.

"ಅಮ್ಮ, ಒಂದು ಕಾಗೆನೂ ಹಪ್ಪಳ ಮುಟ್ಲಿಲ್ಲ" ಎನ್ನುತ್ತ ಪುಟ್ಟಿ ಕೋಲು ಹಿಡಿದು ಬಂದಳು. ನಿದ್ದೆ ಬರುವುದಿಲ್ಲ ಎಂದು ಹಟ ಮಾಡಿದಳಂತೆ. ಅದಕ್ಕೇ ಅತ್ತೆ ಅವಳನ್ನು ಟೆರೇಸಿಗೆ ಹಪ್ಪಳ ಕಾಯಲು ಕರೆದುಕೊಂಡು ಹೋಗಿದ್ದರು. ಅವಳನ್ನು ಎಷ್ಟು ಗಟ್ಟಿಯಾಗಿ ಅಪ್ಪಿಕೊಂಡೆನೆಂದರೆ ಅವಳು ನೋವಾಗಿ ಅತ್ತಳು.

ಅತ್ತೆ ಬಾಗಿಲಲ್ಲೇ ನಿಂತರು. ದಿಂಬಿನ ಮೇಲಿದ್ದ ಚೀಲವನ್ನು ನೋಡಿದರು. "ಅಟ್ಟ ಬೀಳತ್ತನೇ ಮಾರಾಯ್ತಿ?" ಎಂದರು, ನನ್ನನ್ನು ಕೇಳಿದ್ದೋ ತಮ್ಮನ್ನೇ ಕೇಳಿಕೊಂಡದ್ದೋ ತಿಳಿಯದ ಹಾಗೆ.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅದು ಅಟ್ಟ ಅಲ್ಲ ಅತ್ತೆ, ಮಂಚ. ನಿಮ್ಮ ಅಡಿಕೆ ಉಳಿಸೋಕೆ ಹೋಗಿ ನನ್ನ ಕೂಸನ್ನ ಕೊಲ್ತಿದ್ರಿ" ಎಂದೆ. ಅವರು ನೆಲಕ್ಕೆ ಕೂತು ಅಡಿಕೆ ಆರಿಸತೊಡಗಿದರು, ಅರ್ಧಕ್ಕೇ ಬಿಟ್ಟರು.

ಸಂಜೆ ನಮ್ಮನೆಯವರು ಬಂದಾಗ ಗೊತ್ತಾಯಿತು, ಭಾವನ ಜೀಪಿನಲ್ಲಿ ಬೆಳಿಗ್ಗೆ ಬಂದ ಚೀಲಗಳನ್ನು ನಾನು ಹೊರಟ ಮೇಲೆ ಮೇಲಕ್ಕೆತ್ತಿದ್ದು ಇವರೇ. ಅಡಿಕೆ ಮಂಡಿಯಲ್ಲಿ ದರ ಏರಿದ ಮೇಲೆ ಮಾರೋಣವೆಂದು. "ಅಮ್ಮ ಮೇಲಿಡು ಅಂದ್ರು, ಇಟ್ಟೆ. ಅಲ್ಲಿ ಕೂಸು ಮಲಗ್ತದೆ ಅಂತ ಗೊತ್ತಿಲ್ದೇ ಇತ್ತಾ? ಗೊತ್ತಿತ್ತು. ಆದ್ರೂ ಇಟ್ಟೆ" ಎಂದು ತಲೆಗೆ ಕೈ ಹೊತ್ತು ಕೂತರು. ಅವರ ಮುಖ ನೋಡಿದ ಮೇಲೆ ಅವರನ್ನು ಬೈಯಲಾಗಲಿಲ್ಲ. ಸಿಟ್ಟೆಲ್ಲ ಅತ್ತೆಯ ಪಾಲಿಗೇ ಉಳಿಯಿತು. ಅವರು ಮಾರನೇ ದಿನ ಮೊದಲ ಬಸ್ಸಿಗೆ ಮೆಣಸೆಗೆ ಹೋದರು.

ಮಂಚ ಎಸೆಯೋಣವೆಂದೆ. ಎಸೆದರೆ ಮಕ್ಕಳು ಮಲಗುವುದೆಲ್ಲಿ? ಆಚಾರಿಯನ್ನು ಕರೆಸಿ ಪಟ್ಟಿಗಳ ಜಾಗಕ್ಕೆ ದಪ್ಪ ಹಲಗೆ ಹಾಕಿಸಿ, ಅಡಿಗೆ ಕಬ್ಬಿಣದ ಪಟ್ಟಿ ಬಿಗಿಸಿದೆವು. ಅನಘ ಮತ್ತೆ ಮೇಲೆ ಮಲಗಿದಳು. ಅತ್ತೆ ಮಾತ್ರ ವರ್ಷವಿಡೀ ಬರಲಿಲ್ಲ, ನಾನೂ ಬನ್ನಿ ಎನ್ನಲಿಲ್ಲ. ಫೋನಿನಲ್ಲಿ ಮಳೆ, ಬೆಳೆ, ಮಕ್ಕಳ ಜ್ವರ ಇಷ್ಟೇ ಮಾತು.

ಈ ರಜಕ್ಕೆ ಪುಟ್ಟಿಯೇ ಫೋನು ಮಾಡಿ ಕರೆದಳು. ಬಂದರು. ಎರಡು ದಿನ ಮಕ್ಕಳ ಕೋಣೆಯ ಹೊಸಿಲು ದಾಟಲಿಲ್ಲ. ಮೊನ್ನೆ, ಅದೇ ಭಾನುವಾರ ಮಧ್ಯಾಹ್ನ, ಪುಟ್ಟಿಯನ್ನು ನನ್ನ ಪಕ್ಕಕ್ಕೆ ಕಳಿಸಿ, "ಇವತ್ತು ಅಲ್ಲಿ ನಾನು ಮಲಗ್ತೀನಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ನೀರು ಕೊಡಲು ಹೋದೆ. ಅನಘ ಮೇಲೆ ಮುಖಕ್ಕೆ ಪುಸ್ತಕ ಮುಚ್ಚಿಕೊಂಡು ನಿದ್ದೆ ಹೋಗಿದ್ದಳು. ಕೆಳಗೆ ಅತ್ತೆ ಅಂಗಾತ ಮಲಗಿ, ಒಂದು ಕೈ ಮೇಲೆತ್ತಿ, ಅಂಗೈಯನ್ನು ಹಲಗೆಗೆ ಒತ್ತಿ ಹಿಡಿದಿದ್ದರು.

"ಎಂತ ಮಾಡ್ತಿದೀರಿ ಅತ್ತೆ?"

"ಎಂತಿಲ್ಲ. ಮೇಲೆ ಕೂಸು ಮಗ್ಗುಲು ಬದಲಿಸ್ತು, ಅದಕ್ಕೇ" ಎಂದರು. ಕೈ ತೆಗೆಯಲಿಲ್ಲ.

ಕಬ್ಬಿಣದ ಪಟ್ಟಿ ಇದೆ, ಹಲಗೆ ಇಷ್ಟು ದಪ್ಪ ಇದೆ ಎಂದು ಹೇಳಹೊರಟವಳು ನುಂಗಿಕೊಂಡೆ. ಲೋಟ ನೆಲದ ಮೇಲಿಟ್ಟೆ. "ಸ್ವಲ್ಪ ಆಚೆ ಸರೀರಿ" ಎಂದು ಅವರ ಪಕ್ಕ ಮಲಗಿ, ಅವರ ಕೈಯ ಪಕ್ಕಕ್ಕೆ ನನ್ನ ಕೈಯನ್ನೂ ಹಲಗೆಗೆ ಒತ್ತಿದೆ.

"ನಿಮ್ಮ ಕೈ ಇಳಿಸಿ ಅತ್ತೆ. ನಾನು ಹಿಡ್ಕೊಂಡಿದೀನಿ" ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಅವರು ಕೈ ಇಳಿಸಿದರು.