ನಾಲ್ಕನೇ ಮಹಡಿಯ ಟ್ರಾಲಿ

ದೋನ್ಯಾ ಎರ್ಮಿನಿಯಾ ಅಯಾವಿರೆ ಟ್ರಾಲಿ ತಳ್ಳದ ಹೊರತು ಗಣಿಯ ಊರಾದ ಕಲಾಮಾದಲ್ಲಿ ಸೂರ್ಯ ಹುಟ್ಟುವುದಿಲ್ಲ. ನಂಬದವರು ಊರಿನಲ್ಲಿ ಯಾರನ್ನಾದರೂ ಕೇಳಿ ನೋಡಬಹುದು. ಒಮ್ಮೆ ನೆಗಡಿಯೆಂದು ಅವರು ಮೂರು ದಿನ ರಜೆ ಹಾಕಿದರು. ಮೂರು ದಿನವೂ ಬೆಳಗಾಗಲಿಲ್ಲ. ಗಣಿಯವರು ತಲೆಗೆ ದೀಪ ಕಟ್ಟಿಕೊಂಡೇ ಮಧ್ಯಾಹ್ನದ ಊಟ ಮಾಡಿದರು, ಕೋಳಿಗಳು ಕೂಗುವುದನ್ನೇ ಮರೆತವು, ಪಾದ್ರಿಗಳು ಭಾನುವಾರದ ಪೂಜೆಯನ್ನು ಗುರುವಾರವೇ ಮುಗಿಸಿಬಿಟ್ಟರು.

ಈಗ ಬೆಳಗಿನ ಜಾವ. ಮರಳುಗಾಡಿನ ಚಳಿ ಕಿಟಕಿಯ ಗಾಜನ್ನು ಕಚ್ಚಿ ಹಿಡಿದಿದೆ. ಬಸ್ ನಿಲ್ದಾಣದ ಹಿಂದಿನ ಓಣಿಯ ಹೋಟೆಲಿನಲ್ಲಿ, ನಾಲ್ಕನೇ ಮಹಡಿಯ ಕಾರಿಡಾರಿನಲ್ಲಿ, ಎರ್ಮಿನಿಯಾ ಒಗೆದ ಬೆಡ್‌ಶೀಟುಗಳನ್ನು ಟ್ರಾಲಿಗೆ ಪೇರಿಸುತ್ತಿದ್ದಾರೆ. ಕೈ ಬಟ್ಟೆಯ ಮೇಲೆ, ಕಿವಿ ಲಿಫ್ಟಿನ ಮೇಲೆ. ಆ ಕಿವಿಯೇನು ಸಾಮಾನ್ಯದ್ದಲ್ಲ. ಕೆಳಗೆ ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಿನಲ್ಲೇ ಒಳಗಿರುವವನಿಗೆ ಮದುವೆಯಾಗಿದೆಯೇ, ಮಕ್ಕಳೆಷ್ಟು, ಅತ್ತೆ ಮನೆಯಲ್ಲೇ ಇದ್ದಾಳೆಯೇ ಎಂಬುದೆಲ್ಲ ಅವರಿಗೆ ತಿಳಿದುಹೋಗುತ್ತದೆ.

ಮೇಲಿನ ಬೆಟ್ಟದ ಊರಿನಿಂದ ಹುಡುಗಿಯಾಗಿದ್ದಾಗ ಬೆಳ್ಳುಳ್ಳಿ ಮಾರಲು ಇಳಿದು ಬಂದವರು, ಈ ಊರಿನಲ್ಲೇ ಮದುವೆಯಾಗಿ, ಇಲ್ಲೇ ಗಂಡನನ್ನು ಮಣ್ಣು ಮಾಡಿ, ಕೋಣೆ ಗುಡಿಸುವ ಕೆಲಸ ಹಿಡಿದು ಮುದುಕಿಯಾಗಿದ್ದಾರೆ. ಮಂಡಿಗಳು ಸೋತಿವೆ. ಮೆಟ್ಟಿಲು ಇಳಿಯುವಾಗ ಆ ಮಂಡಿಗಳ ಸದ್ದು ಪಕ್ಕದ ದೇಶ ಬೊಲಿವಿಯಾಕ್ಕೂ ಕೇಳಿಸುತ್ತದೆ. ಹೋಟೆಲಿನ ಯಜಮಾನರ ಲೆಕ್ಕದಲ್ಲಿ ಅವರ ಕೆಲಸ ಬೆಡ್‌ಶೀಟು ಬದಲಿಸುವುದು, ಕಕ್ಕಸು ತೊಳೆಯುವುದು. ಯಾರ ಲೆಕ್ಕದಲ್ಲೂ ಇಲ್ಲದ ಕೆಲಸ ಇನ್ನೊಂದಿದೆ.

ಗಣಿಯಲ್ಲಿ ಪಾಳಿ ಬದಲಾಗುವ ವಾರ ನೋಡಿಕೊಂಡು ದಕ್ಷಿಣದ ಊರುಗಳಿಂದ ಹೆಂಗಸರು ಬರುತ್ತಾರೆ. ಹೋಟೆಲಿನಲ್ಲಿ ಕೋಣೆ ಹಿಡಿಯುತ್ತಾರೆ, ಗಂಡಸರನ್ನು ಬರಮಾಡಿಕೊಳ್ಳುತ್ತಾರೆ, ನಾಲ್ಕಾರು ದಿನ ಕಳೆದು ಇಕೀಕೆಗೋ ಅಂತೊಫಗಾಸ್ತಾಕ್ಕೋ, ಹೀಗೆ ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಇಲ್ಲಿ ಅವರಿಗೆ ಸಂಚಾರದವರು ಎಂದು ಹೆಸರು. ಯಜಮಾನರಿಗೆ ಇದೆಲ್ಲ ಗೊತ್ತು, ಆದರೆ ಗೊತ್ತಿಲ್ಲದ ಹಾಗೆ ಇರುತ್ತಾರೆ. ಯಾರಾದರೂ ಕೌಂಟರಿನಲ್ಲಿ ಅವರಲ್ಲೊಬ್ಬಳ ಹೆಸರು ಹಿಡಿದು ಕೇಳಿದರೆ, ಇಲ್ಲವೇ ಕಾರಿಡಾರಿನಲ್ಲಿ ಒಂದು ದನಿ ಏರಿದರೆ, ಆ ಗಳಿಗೆಗೇ ಯಜಮಾನರಿಗೆ ಗೊತ್ತಾಗಿಬಿಡುತ್ತದೆ. ಹೆಂಗಸು ಪೆಟ್ಟಿಗೆ ಸಮೇತ ಬೀದಿಯಲ್ಲಿರುತ್ತಾಳೆ.

ಆದ್ದರಿಂದ ಬರುವ ಗಂಡಸಿಗೂ ಶಿಸ್ತುಂಟು. ಫೋನಿನಲ್ಲಿ ಹೇಳಿದ ಹೊತ್ತಿಗೇ ಬರಬೇಕು. ಹೋಟೆಲಿನ ಬಾಗಿಲಲ್ಲಿ ನಿಂತು ಕಾಯಕೂಡದು, ಎದುರಿನ ಬೇಕರಿಯಲ್ಲಿ ಬಿಸಿ ಬ್ರೆಡ್ ಕೊಂಡು, ಚೀಲ ಕೈಯಲ್ಲಿ ಹಿಡಿದು, ಇಲ್ಲೇ ತಂಗಿರುವವನ ಹಾಗೆ ನೇರ ಲಿಫ್ಟಿಗೆ ನಡೆಯಬೇಕು. ರಾತ್ರಿಪಾಳಿ ಮುಗಿಸಿ ಬ್ರೆಡ್ ಹಿಡಿದು ಬರುವವನನ್ನು ಈ ಊರಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನಾಲ್ಕನೇ ಮಹಡಿಯಲ್ಲಿ ಟ್ರಾಲಿ ಗೋಡೆಗೆ ಒರಗಿದ್ದರೆ ಹಾದಿ ಬಿಡುವಾಗಿದೆ ಎಂದರ್ಥ. ಅಡ್ಡ ನಿಂತಿದ್ದರೆ ಒಳಗೆ ಇನ್ನೊಬ್ಬನಿದ್ದಾನೆ. ಮೇಲಿನ ಮಹಡಿಗೆ ಹೋಗಿ ಕಾಯಬೇಕು. ಹೀಗೆ ಟ್ರಾಲಿ ಸರಿಸಿಯೇ ಎರ್ಮಿನಿಯಾ ಮಾವನಿಗೆ ಅಳಿಯ ಎದುರಾಗದಂತೆ, ಮೇಸ್ತ್ರಿಗೆ ಕೂಲಿಯವನು ಎದುರಾಗದಂತೆ ಕಾಪಾಡಿದ್ದಾರೆ. ಅವರಿಲ್ಲದಿದ್ದರೆ ಕಲಾಮಾದ ಅರ್ಧ ಸಂಸಾರಗಳು ಒಡೆದು, ಉಳಿದರ್ಧ ಅದನ್ನು ನೋಡಲು ಟಿಕೆಟ್ ಕೊಳ್ಳುತ್ತಿದ್ದವು.

ಆದರೆ ಅವರು ಕಾಯುವುದು ಸಂಸಾರಗಳನ್ನಲ್ಲ.

"ತಡವಾಗಿ ಬರೋನು ಹೆಂಡತಿಗೆ ಹೆದರೋನು. ಅವನಿಂದ ಏನೂ ಆಗಲ್ಲ," ಎನ್ನುತ್ತಾರೆ, ದಿಂಬಿಗೆ ಚೀಲ ಹಾಕುತ್ತ. "ಹೊತ್ತಿಗೆ ಮುಂಚೆ ಬರ್ತಾನಲ್ಲ, ಅವನು ಯಾರಿಗೂ ಹೆದರಲ್ಲ. ನಂಗೆ ಅವನ ಭಯ."

ಹೋದ ಆಗಸ್ಟಿನಲ್ಲಿ ಮೂಲೆಯ ಕೋಣೆಗೆ ರೆನಾತಾ ಬಂದಿದ್ದಳು. ತಾಲ್ಕಾ ಊರಿನವಳು. ಬಂದಾಗಲೆಲ್ಲ ಎರ್ಮಿನಿಯಾಗೆ ತಮ್ಮ ಕಡೆಯ ಹುರಿದ ಗೋಧಿಹಿಟ್ಟಿನ ಪೊಟ್ಟಣ ತರುತ್ತಾಳೆ, ಎಲ್ಲರಂತೆ ಮರ್ಯಾದೆಗೆ ದೋನ್ಯಾ ಎನ್ನುವ ಬದಲು ಅಮ್ಮಾ ಎನ್ನುತ್ತಾಳೆ. ಯಾವ ಊರಿಗೆ ಯಾವಾಗ ಬರುತ್ತೇನೆಂದು ಅವಳು ಮುಂಚೆಯೇ ಫೋನಿನಲ್ಲಿ ಜಾಹೀರಾತು ಹಾಕಿ ಸಾರಬೇಕು, ಇಲ್ಲದಿದ್ದರೆ ಗಿರಾಕಿಗೆ ತಿಳಿಯುವುದು ಹೇಗೆ? ಆದರೆ ಅದನ್ನು ಗಿರಾಕಿಗಳಷ್ಟೇ ಓದುವುದಿಲ್ಲ. ತಾಲ್ಕಾದಲ್ಲಿ ಅವಳು ಬಿಟ್ಟು ಬಂದ ಗಂಡಸೊಬ್ಬನಿದ್ದ. ಅವನೂ ಓದುತ್ತಿದ್ದ. ಎರಡು ಊರುಗಳಲ್ಲಿ ಅವಳ ಕೋಣೆಯ ತನಕ ಬಂದಿದ್ದ. ಎರಡನೆಯ ಊರಿನಲ್ಲಿ ಅವಳ ಮುಂಗೈ ಮೂಳೆ ಮುರಿಯಿತು. ಆ ಕೈಯನ್ನು ತೋರಿಸಿ ಅವಳು ಎರ್ಮಿನಿಯಾಗೆ ಹೇಳಿದ್ದು ಒಂದೇ ಮಾತು: "ಅವನು ಬಂದ್ರೆ ಮುಂಚೇನೇ ಬರ್ತಾನಮ್ಮಾ."

ಆ ಬೆಳಿಗ್ಗೆ ಲಿಫ್ಟು ತೆರೆದಾಗ ಹೊರಬಂದವನ ಕೈಯಲ್ಲಿ ಬ್ರೆಡ್ ಚೀಲವಿತ್ತು. ಎರ್ಮಿನಿಯಾ ಮೋಸಹೋದದ್ದು ಅಲ್ಲೇ. ಬ್ರೆಡ್ ನೋಡಿದ ಕೈ ತಾನಾಗಿ ಟ್ರಾಲಿಯನ್ನು ಗೋಡೆಗೆ ಸರಿಸಿತು. ಅವನು ಪಕ್ಕದಲ್ಲೇ ಹಾದುಹೋಗುತ್ತಿದ್ದ. ಆಗ ತಿಳಿಯಿತು, ಬ್ರೆಡ್ಡಿನ ವಾಸನೆಯೇ ಇಲ್ಲ. ನಿನ್ನೆಯ ಬ್ರೆಡ್. ಎದುರಿನ ಬೇಕರಿ ಇನ್ನೂ ಬಾಗಿಲೇ ತೆಗೆದಿರಲಿಲ್ಲ. ಬೂಟಿನ ಮೇಲೆ ಗಣಿಯ ಧೂಳಿನ ಒಂದು ಕಣವೂ ಇರಲಿಲ್ಲ.

ಅವನ ಎತ್ತರ ಎಷ್ಟೆಂದರೆ ಕಾರಿಡಾರಿನ ಬಲ್ಬು ಅವನ ಕಿವಿಗೆ ಲೋಲಾಕಿನಂತೆ ತೂಗುತ್ತಿತ್ತು. ಅಂಗೈ ಒಂದೊಂದೂ ಗಣಿಯ ಮಣ್ಣೆತ್ತುವ ಯಂತ್ರದ ಬಾಯಿಯಷ್ಟಿತ್ತು. ಎರ್ಮಿನಿಯಾ ಮಾತ್ರ ಅಲುಗಲಿಲ್ಲ. ಟ್ರಾಲಿಯನ್ನು ಸುಂಟರಗಾಳಿಯಂತೆ ತಿರುಗಿಸಿ ಅವನ ಮುಂದೆ ಅಡ್ಡ ಹಾಕಿದರು. ಮೂಲೆಯ ಕೋಣೆಯಲ್ಲಿ ತಾಲ್ಕಾದವಳು ಇದ್ದಾಳಲ್ಲವೇ ಎಂದು ಅವನು ಕೇಳಿದ. ಅಲ್ಲಿರುವುದು ಜ್ವರ ಬಂದ ಮಗು, ಅದರ ತಾಯಿ ಎಂದರು ಇವರು. ಅವನು ಕದಲಲಿಲ್ಲ.

ಕಿರುಚುವ ಹಾಗಿಲ್ಲ. ಕಿರುಚಿದರೆ ಯಜಮಾನರು ಮೇಲೆ ಬರುತ್ತಾರೆ, ರೆನಾತಾ ಬೀದಿಗೆ ಬೀಳುತ್ತಾಳೆ, ಅವನಿಗೆ ಬೇಕಾದದ್ದೂ ಅದೇ. ಬಾಗಿಲಿನ ಕೆಳಗಿನ ಬೆಳಕಿನ ಗೆರೆಯಲ್ಲಿ ಎರಡು ಪಾದಗಳ ನೆರಳು ಕಾಣುತ್ತಿತ್ತು. ರೆನಾತಾ ಬಾಗಿಲಿಗೆ ಅಂಟಿ ನಿಂತಿದ್ದಳು. ಅವನ ಕಣ್ಣು ಇನ್ನೂ ಕೆಳಗೆ ಹೋಗಿರಲಿಲ್ಲ.

ಆಗ ಎರ್ಮಿನಿಯಾ ಟ್ರಾಲಿಯಿಂದ ದೊಡ್ಡ ಮಂಚದ ಬೆಡ್‌ಶೀಟೊಂದನ್ನು ಎಳೆದು, ಅದರ ಎರಡು ತುದಿಗಳನ್ನು ಅವನ ಕಡೆ ಚಾಚಿದರು.

"ಹಿಡ್ಕೋ ಮಗಾ. ಇದು ಒಬ್ಬರ ಕೈಲಿ ಮಡಿಸೋ ಅಂಥದ್ದಲ್ಲ."

ಯಾವ ಊರಿನಲ್ಲಿ ಹುಟ್ಟಿದರೂ, ಯಾರದೋ ಅಮ್ಮನೊಬ್ಬಳು ಬಟ್ಟೆಯ ತುದಿ ಚಾಚಿದರೆ ಗಂಡುಮಗನ ಕೈ ತಾನಾಗಿ ಮುಂದೆ ಬರುತ್ತದೆ. ಅವನು ಬ್ರೆಡ್ ಕೆಳಗಿಟ್ಟು ಹಿಡಿದ. ಇಬ್ಬರೂ ಮಡಿಸಿದರು. ಮತ್ತೊಂದು, ಮತ್ತೊಂದು. ಆ ಹೋಟೆಲಿನ ಬೆಡ್‌ಶೀಟುಗಳು ಮುಗಿದವು, ಪಕ್ಕದ ಹೋಟೆಲಿನವನ್ನು ತರಿಸಿದರು, ಕೊನೆಗೆ ಊರಿನ ಆಸ್ಪತ್ರೆಯವೂ ಮುಗಿದವು. ಅಷ್ಟರಲ್ಲಿ ಗಣಿಯ ಬಸ್ ಬಂತು, ಲಿಫ್ಟು ತೆರೆಯಿತು, ಬಿಸಿ ಬ್ರೆಡ್ ಹಿಡಿದ ನಿಜವಾದ ಗಿರಾಕಿ ಹೊರಬಂದ. ಅವನೇ ಜ್ವರದ ಮಗುವಿನ ಅಪ್ಪನೆಂಬಂತೆ, ಮಗುವಿಗೆ ಬ್ರೆಡ್ ತಂದಿರಾ ಎಂದು ಎರ್ಮಿನಿಯಾ ಕೇಳಿದ್ದೇ ತಡ, ಗಿರಾಕಿ ಸಿಂಹದಂತೆ ಗರ್ಜಿಸಿದ. ತಾಲ್ಕಾದವನು ನಾಲ್ಕು ಮಹಡಿಯನ್ನು ನಾಲ್ಕೇ ನೆಗೆತದಲ್ಲಿ ಇಳಿದು ಓಡಿದವನು ಇವತ್ತಿಗೂ ಓಡುತ್ತಿದ್ದಾನೆ.

ಇಲ್ಲಿಗೆ ಬರಹ ಮುಗಿಯಬೇಕಿತ್ತು. ಬರೆದದ್ದನ್ನು ಬೆಡ್‌ಶೀಟಿಡುವ ಕೋಣೆಯಲ್ಲಿ ಎರ್ಮಿನಿಯಾಗೆ ಓದಿ ಹೇಳಿದ್ದೇ ತಪ್ಪಾಯಿತು. ಚಹಾದಲ್ಲಿ ಬ್ರೆಡ್ ಅದ್ದುತ್ತ ಕೊನೆಯ ತನಕ ಕೇಳಿದರು, ನಗಲಿಲ್ಲ.

"ಆಸ್ಪತ್ರೆ ಬೆಡ್‌ಶೀಟು ಯಾರಪ್ಪ ತಂದಿದ್ದು, ನೀನಾ?" ಎಂದರು. ಆಮೇಲೆ, "ಅವನನ್ನ ದೆವ್ವದ ಥರ ಬರೆದಿದೀಯ. ಓದಿದೋರು ದೆವ್ವದ ಥರ ಇರೋನನ್ನ ಹುಡುಕ್ತಾ ಕೂರ್ತಾರೆ. ಅವನು ಪಕ್ಕದಲ್ಲೇ ಹಾದುಹೋಗ್ತಾನೆ. ಸರಿಯಾಗಿ ಬರಿ."

ಸಿಕ್ಕಿಬಿದ್ದ ಮೇಲೆ ಇನ್ನೇನು. ನಿಜ ಇಷ್ಟು. ಅವನು ಕುಳ್ಳ. ಎರ್ಮಿನಿಯಾರ ಭುಜದಷ್ಟಿದ್ದ. ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ, ಸೆನ್ಯೋರಾ ಎಂದೇ ಮರ್ಯಾದೆಯಿಂದ ಮಾತಾಡಿಸಿದ, ಒಮ್ಮೆಯೂ ದನಿ ಏರಿಸಲಿಲ್ಲ. ಮಡಿಸಿದ ಬೆಡ್‌ಶೀಟು ಮೂರೇ. ಆ ಮೂರರಲ್ಲೂ ಎರ್ಮಿನಿಯಾರ ಕೈ ನಡುಗುತ್ತಿತ್ತು, ನಡುಕ ಬಟ್ಟೆಯುದ್ದಕ್ಕೂ ಹರಿದು ಅವನ ಬೆರಳಿಗೆ ಮುಟ್ಟುತ್ತಿತ್ತು. ಅವನಿಗೆ ಅದು ತಿಳಿದಿತ್ತು. ಚಳಿಯೇ ಎಂದು ಕೇಳಿದ. ಲಿಫ್ಟಿನಿಂದ ಬಂದವನು ಗರ್ಜಿಸಲಿಲ್ಲ. ತನ್ನ ಹೆಸರು ಹೊರಬೀಳುತ್ತದೆಂಬ ಹೆದರಿಕೆ ಅವನಿಗೆ. ಆದರೆ ಎರ್ಮಿನಿಯಾರ ಮಾತಿಗೆ ಹೌದೆಂದು ತಲೆಯಾಡಿಸಿದ, ಲಿಫ್ಟಿಗೆ ಹಿಂದಿರುಗದೆ ಅಲ್ಲೇ ನಿಂತ. ತಾಲ್ಕಾದವನು ಯಾರ ಭಯಕ್ಕೂ ಓಡಲಿಲ್ಲ. ಮೂರನೆಯ ಬೆಡ್‌ಶೀಟನ್ನು ಟ್ರಾಲಿಯ ಮೇಲಿಟ್ಟು, ಅಂಗೈಯಿಂದ ಸುಕ್ಕು ತೀಡಿ, ಬಾಗಿಲ ಕೆಳಗಿನ ನೆರಳನ್ನು ನೋಡಿ ಹೇಳಿದ: "ಮತ್ತೆ ಬರ್ತೀನಿ ಸೆನ್ಯೋರಾ."

"ಎಷ್ಟು ನೀಟಾಗಿ ಮಡಿಸಿದ್ದ ಅಂತೀಯ, ನನಗಿಂತ ನೀಟಾಗಿ," ಎನ್ನುತ್ತಾರೆ ಎರ್ಮಿನಿಯಾ. "ಮೂರನ್ನೂ ಬಿಚ್ಚಿ ಮತ್ತೆ ಒಗೆಯೋಕೆ ಹಾಕ್ದೆ."

ರೆನಾತಾ ಈಗ ಬರುವ ದಿನವನ್ನು ಮುಂಚೆ ಸಾರುವುದಿಲ್ಲ. ಟ್ರಾಲಿಯ ಮೇಲೆ ಹಿಟ್ಟಿನ ಪೊಟ್ಟಣ ಕಂಡರೆ ಬಂದಿದ್ದಾಳೆಂದು ಅರ್ಥ. ಬಹಳ ದಿನಗಳಿಂದ ಪೊಟ್ಟಣ ಕಂಡಿಲ್ಲ. ನಿಮಗೇನು ಬೇಕು ಎಂದು ಎರ್ಮಿನಿಯಾರನ್ನು ಕೇಳಿದರೆ, ಈ ಮಹಡಿಗೆ ಇನ್ನೊಬ್ಬ ಹೆಂಗಸನ್ನು ಕೆಲಸಕ್ಕಿಡಲಿ ಎನ್ನುತ್ತಾರೆ, ಬೆಡ್‌ಶೀಟಿನ ಆ ತುದಿ ಹಿಡಿಯಲು. ಜೊತೆಗೆ, ಹೋಟೆಲಿನ ಹೆಸರು ಬರೆದರೆ ಬರೆದವನ ನಾಲಿಗೆಯನ್ನು ಟ್ರಾಲಿಯ ಚಕ್ರಕ್ಕೆ ಕಟ್ಟುವುದಾಗಿಯೂ ಹೇಳಿದ್ದಾರೆ.

ಅವರ ನೆಗಡಿಯ ಮೂರು ದಿನವೂ ಸೂರ್ಯ ಎಂದಿನಂತೆ ಹುಟ್ಟಿದ್ದ. ಅದನ್ನೂ ಒಪ್ಪಿಕೊಂಡದ್ದಾಯಿತು. ಇನ್ನೊಂದು: ಕೈಯಲ್ಲಿ ಬ್ರೆಡ್ ಹಿಡಿದು ಬರುವ ಪದ್ಧತಿ ಆ ಆಗಸ್ಟಿಗೇ ಮುಗಿಯಿತು. ಈಗ ಹಿಡಿದು ಬರುವುದು ಬೇರೆಯದೇ ಒಂದನ್ನು.

ಲಿಫ್ಟು ಮೇಲೆ ಬರುತ್ತಿರುವ ಸದ್ದು. ಎರ್ಮಿನಿಯಾ ಚಹಾದ ಲೋಟ ಕೆಳಗಿಟ್ಟು ಟ್ರಾಲಿಯನ್ನು ಅಡ್ಡ ಎಳೆಯುತ್ತಾರೆ. ಬಾಗಿಲು ತೆರೆಯುತ್ತದೆ. ಅವರು ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. ಆಮೇಲೆ ಉಸಿರು ಬಿಟ್ಟು ಟ್ರಾಲಿಯನ್ನು ಗೋಡೆಗೆ ಸರಿಸುತ್ತಾರೆ. ಆ ಕೈಯಲ್ಲಿ ಏನಿತ್ತೆಂಬುದನ್ನು ಇಲ್ಲಿ ಬರೆಯುವುದಿಲ್ಲ. ತಾಲ್ಕಾದವನೂ ಓದುತ್ತಾನೆ.