ಮುಖ ಕೊಟ್ಟು ಮಾತಾಡುವ ಬೀದಿ

ಮಗಳ ಪಿಯುಸಿ ಮುಗಿದ ಬೇಸಿಗೆಯಲ್ಲಿ ನಾವು ನಾಲ್ಕು ಊರುಗಳಲ್ಲಿ ಬಾಡಿಗೆ ಮನೆ ನೋಡಿದೆವು. ನಮ್ಮದು ಬೂದಿಗೆರೆ ಹತ್ತಿರದ ಹಳ್ಳಿ. ಅಲ್ಲಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುವ ಮಕ್ಕಳು ಬೇಕಾದಷ್ಟಿದ್ದಾರೆ. ನಮ್ಮ ಮಗಳಿಗೆ ಮಾತ್ರ ಅದು ಆಗುವಂತಿರಲಿಲ್ಲ. ಅವಳಿಗೆ ಹುಟ್ಟಿನಿಂದಲೇ ಎರಡೂ ಕಿವಿ ಮಂದ. ಮಷೀನು ಹಾಕಿಕೊಂಡರೆ ಎದುರಿಗೆ ನಿಂತವರ ಮಾತು ಕೇಳುತ್ತದೆ. ಬೆನ್ನ ಹಿಂದೆ ಬರುವ ಟಿಪ್ಪರ್ ಲಾರಿ ಎಷ್ಟು ಹತ್ತಿರಕ್ಕೆ ಬಂತು ಅನ್ನುವುದು ತಿಳಿಯುವುದಿಲ್ಲ. ಅಪಾರ್ಟ್‌ಮೆಂಟುಗಳು ಏಳತೊಡಗಿದ ಮೇಲೆ ನಮ್ಮ ರಸ್ತೆಯಲ್ಲಿ ಟಿಪ್ಪರ್‌ಗಳದ್ದೇ ಓಡಾಟ. ಹಾಗಾಗಿ, ಡಿಗ್ರಿ ಕಾಲೇಜಿರುವ ಊರಿಗೇ ಹೋಗಿ ಇರುವುದು, ಅವಳು ನಡೆದುಹೋಗುವಷ್ಟು ಹತ್ತಿರದಲ್ಲಿ ಮನೆ ಹಿಡಿಯುವುದು ಎಂದು ತೀರ್ಮಾನವಾಯಿತು.

ಯಾವ ಊರು ಅನ್ನುವುದು ಮಾತ್ರ ಬಗೆಹರಿಯಲಿಲ್ಲ. ಯಜಮಾನರಿಗೆ ಏರ್‌ಪೋರ್ಟಿನ ಹತ್ತಿರ ಗೋದಾಮಿನಲ್ಲಿ ಕೆಲಸ, ಅವರ ಲೆಕ್ಕದಲ್ಲಿ ದೇವನಹಳ್ಳಿಗಿಂತ ಒಳ್ಳೆ ಊರಿಲ್ಲ. ನನ್ನ ಮೈದುನ, "ಹೊಸಕೋಟೆಗೆ ಹೋಗಿ ಅತ್ತಿಗೆ, ಬೆಳಗಿನ ಜಾವ ಎದ್ದು ಕ್ಯೂ ನಿಂತ್ರೆ ಬಿಸಿ ಬಿರಿಯಾನಿ ಸಿಗುತ್ತೆ" ಅಂದ. "ಓದೋದು ನಾನು ಕಣ್ ಚಿಕ್ಕಪ್ಪ" ಅಂದಳು ಮಗಳು. "ಓದೋರಿಗೂ ಹೊಟ್ಟೆ ಇರುತ್ತಲ್ಲವ್ವ" ಅಂದ ಅವನು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಒಂದೇ: ಸದ್ದಿಲ್ಲದ ಊರು ಬೇಕು. ಕಿವಿ ಮಂದ ಇರುವ ಮಗುವಿಗೆ ನಿಶ್ಶಬ್ದವೇ ಒಳ್ಳೆಯದು ಎಂದು ನಾನು ತಿಳಿದಿದ್ದೆ.

ಮೊದಲು ಹೊಸಕೋಟೆ. ಮನೆಯೊಡತಿ ಒಳ್ಳೆಯ ಹೆಂಗಸು, ಕೂರಿಸಿ ಉಪಚಾರ ಮಾಡಿದರು. ಒಲೆಯ ಕಡೆ ತಿರುಗಿಕೊಂಡೇ, "ಕಾಫಿನಾ, ಟೀನಾ ಪುಟ್ಟಾ?" ಅಂದರು. ಮಗಳು "ಬಿ.ಕಾಂ. ಆಂಟಿ" ಅಂದಳು. ಆಕೆ ಗೊಳ್ಳನೆ ನಕ್ಕು, ಆಮೇಲೆ ನನ್ನ ಕಡೆ ಬಾಗಿ, "ಮಗೀಗೆ ಕಿವಿ...?" ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಪಿಸುಮಾತು ಮಗಳಿಗೆ ಕೇಳಲಿಲ್ಲ, ಆದರೆ ಮುಖ ನೋಡಿ ಅವಳಿಗೆ ಎಲ್ಲ ಗೊತ್ತಾಗುತ್ತದೆ. ಕಾಫಿ ಲೋಟದ ಕೆನೆಯನ್ನು ಬೆರಳಲ್ಲಿ ತೆಗೆದು ಲೋಟದ ಅಂಚಿಗೆ ಒರೆಸುತ್ತಾ ಕೂತಳು.

ನೆಲಮಂಗಲದಲ್ಲಿ ಮನೆ ತೋರಿಸಿದವರು ರಿಟೈರ್ ಆದ ಹಿರಿಯರು. ಈ ಸಲ ಮೊದಲೇ ಹೇಳಿಬಿಡೋಣ ಎಂದು ನಾನು ಕಿವಿಯ ವಿಷಯ ಹೇಳಿದೆ. ಅವರು ಅವಳ ಕಿವಿಯ ಹತ್ತಿರ ಬಾಯಿ ತಂದು, ತೊಟ್ಟಿಲ ಮಗುವನ್ನು ಮಾತಾಡಿಸುವಂತೆ, "ಏ...ನು... ಓ...ದ್ತೀ...ಯಾ?" ಎಂದು ಕೂಗಿದರು. ಮಷೀನಿನಲ್ಲಿ ಅದು ಎಷ್ಟು ದೊಡ್ಡದಾಗಿ ಕೇಳಿತೋ, ಅವಳು ಕಣ್ಣು ಮುಚ್ಚಿಕೊಂಡಳು. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿ ಹೇಳಿದಳು.

"ಅಮ್ಮ, ಎಲ್ಲಾ ಊರಲ್ಲೂ ಹೀಗೇ ಅಂದ್ರೆ ನನಗೆ ಕಾಲೇಜು ಬೇಡ. ಮನೇಲೇ ಕೂತು ಕರೆಸ್ಪಾಂಡೆನ್ಸ್‌ನಲ್ಲಿ ಬರ್ಕೋತೀನಿ."

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ತರಕಾರಿ ಬೇಡ ಅನ್ನುವಷ್ಟೇ ಸಲೀಸಾಗಿ ಹೇಳಿದಳು. ಹಾಗೆ ಹೇಳಿದ ಮಾತನ್ನು ಅವಳು ಬದಲಾಯಿಸುವುದು ಕಡಿಮೆ.

ದೇವನಹಳ್ಳಿಯ ಮನೆ ಹೊಸ ಬಡಾವಣೆಯಲ್ಲಿತ್ತು. ಆಗಾಗ ತಲೆಯ ಮೇಲೆ ವಿಮಾನ ಹೋಗುವುದು ಬಿಟ್ಟರೆ ಬೀದಿಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ನನಗೆ ಹಿಡಿಸಿತು. ಎಲ್ಲ ಮನೆಗಳ ಗೇಟುಗಳೂ ಮುಚ್ಚಿದ್ದವು, ಬಾಗಿಲ ಮುಂದೆ ಒಂದು ಚಪ್ಪಲಿಯೂ ಕಾಣಲಿಲ್ಲ. "ಚೆನ್ನಾಗೈತಲ್ಲ?" ಅಂದರು ಯಜಮಾನರು. "ಇಲ್ಲಿ ಮಾತೇ ಕೇಳಿಸ್ಕೊಬೇಕಾಗಿಲ್ಲ. ಮಾತಾಡೋರೇ ಇಲ್ವಲ್ಲ" ಅಂದಳು ಮಗಳು.

ಕೊನೆಗೆ ದೊಡ್ಡಬಳ್ಳಾಪುರ. ಕಾಲೇಜಿಗೆ ಹತ್ತು ನಿಮಿಷದ ನಡಿಗೆ. ಸಣ್ಣ ಬೀದಿ, ಮನೆಗಳು ಒಂದಕ್ಕೊಂದು ಒರಗಿಕೊಂಡಿದ್ದವು, ಹೆಂಗಸರು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತು, ಹಿತವಾದ ನಿಶ್ಶಬ್ದ. ಆ ನಿಶ್ಶಬ್ದ ಕೇಳಿಯೇ ನಾನು ಒಪ್ಪಿದೆ, ಅಡ್ವಾನ್ಸ್ ಕೊಟ್ಟೆವು. ಕೆಳಗಿನ ಮನೆಯ ಅಜ್ಜಿಯೇ ಮನೆಯ ಒಡತಿ. ಹೊರಡುವಾಗ ಆಕೆ, "ಲೈನ್ ಕೆಲ್ಸ ಅಂತ ಬೆಳಿಗ್ಗೆಯಿಂದ ಕರೆಂಟ್ ತೆಗ್ದವ್ರೆ, ಇಲ್ದಿದ್ರೆ ಫ್ಯಾನ್ ಹಾಕ್ತಿದ್ದೆ" ಅಂದರು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಒಳ್ಳೆಯ ದಿನ ನೋಡಿ ಹೋಗಿ ಹಾಲು ಉಕ್ಕಿಸಿದೆವು. ಪಾತ್ರೆಯ ಹಾಲಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು, ಒಲೆ ಹಚ್ಚುವ ಮೊದಲೇ. ಎದುರು ಮನೆಯಲ್ಲಿ ಎರಡು ಮಗ್ಗ, ಪಕ್ಕದ ಮನೆಯಲ್ಲಿ ನಾಲ್ಕು, ಹಿಂದೆ ಎಷ್ಟೋ. ಎಲ್ಲವೂ ಕರೆಂಟಿನ ಮಗ್ಗಗಳು. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದು ಗೋಡೆಯಲ್ಲಿ, ನೆಲದಲ್ಲಿ, ಹಲ್ಲಿನಲ್ಲಿ ಎಲ್ಲ ಇತ್ತು. ಯಜಮಾನರು ನನ್ನ ಮುಖ ನೋಡಿ, "ಕರೆಂಟ್ ಇಲ್ದಿರೋ ದಿನ ಬಂದು ಮಗ್ಗದ ಬೀದೀಲಿ ಮನೆ ಒಪ್ಕೊಂಡಿದೀವಿ ಕಣೆ" ಅಂದರು. ಅಜ್ಜಿಯನ್ನು ಕೇಳಿದರೆ, "ಸದ್ದಾ? ಯಾವ ಸದ್ದು?" ಎಂದು ಸುಮ್ಮನೆ ನಿಂತು ಆಲಿಸಿ, "ಓ, ಮಗ್ಗಾನಾ" ಅಂದರು. ಆಕೆಯ ಮಾತಿನಲ್ಲಿ ಮೋಸವಿರಲಿಲ್ಲ.

ಮಗಳು ಮಷೀನು ತೆಗೆದು ಡಬ್ಬಿಯಲ್ಲಿಟ್ಟು, ಕಿಟಕಿಯ ಪಕ್ಕ ಕೂತಳು. ಅವಳ ಕಾಲೇಜಿನ ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಎರಡನೆಯ ದಿನ ನಾನು ಎದುರು ಮನೆಗೆ ಹೋದೆ, ಮಗ್ಗ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಕೇಳಲು. ನಾನು ಓದಿದ ಕಾನ್ವೆಂಟಿನಲ್ಲಿ ವರಾಂಡದಲ್ಲಿ ದನಿಯೇರಿಸಿದರೆ ಸಿಸ್ಟರ್ ತುಟಿಗೆ ಬೆರಳಿಡುತ್ತಿದ್ದರು. ಹೊಸಬರ ಎದುರು ನನ್ನ ದನಿ ಈಗಲೂ ತಾನಾಗಿ ಇಳಿದುಬಿಡುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, ತಲೆ ತಗ್ಗಿಸಿಕೊಂಡೇ ಕೇಳಿದೆ. ಮಗ್ಗದ ಮುಂದೆ ನಿಂತಿದ್ದ ಹೆಂಗಸು, "ಮುಖ ಕೊಟ್ಟು ಮಾತಾಡಕ್ಕಾ" ಎಂದು ಕೂಗಿದಳು.

ನನಗೆ ಮುಖಕ್ಕೆ ಹೊಡೆದಂತಾಯಿತು. ಒಬ್ಬರು ಮುಖ ಕೊಟ್ಟು ಮಾತಾಡಲಿಲ್ಲ ಅಂದರೆ ಅವರಿಗೆ ಜಂಬ ಅಂತಲೇ ಅರ್ಥ. ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಮಗಳ ಹತ್ತಿರ ಅಂದೆ, "ಬಂದು ಎರಡು ದಿನ ಆಗಿಲ್ಲ, ನನಗೆ ಜಂಬ ಅಂದುಬಿಟ್ಳು."

ಮಗಳು ನಕ್ಕಳು. "ಜಂಬ ಅಲ್ಲಮ್ಮ. ನೀನು ಚಪ್ಪಲಿ ನೋಡ್ಕೊಂಡು ಮಾತಾಡ್ದೆ, ಅವ್ರಿಗೆ ಕೇಳಿಸ್ಲಿಲ್ಲ. ಇಲ್ಲಿ ಎಲ್ಲರೂ ಹಂಗೇ ಹೇಳೋದು. ನೋಡ್ತಾ ಇರು."

ಅವಳು ಕಿಟಕಿಯಲ್ಲಿ ಕೂತು, ತುಟಿ ನೋಡಿ ತಿಳಿದುಕೊಂಡಿದ್ದು ಅದನ್ನೇ. ನಾನೂ ನೋಡಿದೆ. ಗಂಡ ಹೆಂಡತಿಗೆ, ಅತ್ತೆ ಸೊಸೆಗೆ, ಸೊಪ್ಪು ಕೊಳ್ಳುವವಳು ಸೊಪ್ಪಿನವನಿಗೆ, ಎಲ್ಲರೂ ಎಲ್ಲರಿಗೂ "ಮುಖ ಕೊಟ್ಟು ಹೇಳು" ಅನ್ನುತ್ತಾರೆ. ಹೇಳುವವರು ತಿರುಗಿ ನಿಂತು, ತುಟಿಯನ್ನು ಪೂರ್ತಿ ಆಡಿಸಿ ಹೇಳುತ್ತಾರೆ. ಅದೂ ಸಾಲದಿದ್ದರೆ ಕೈ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಕಿತ್ತುಹೋಗಿದೆ ಎಂದು. ಹೆಬ್ಬೆರಳು ತುಟಿಗೆ ಬಂದರೆ ಟೀ. ಅಂಗೈಯನ್ನು ಕೆನ್ನೆಗೆ ಒತ್ತಿದರೆ ಮಗು ಮಲಗಿದೆ. ಯಾರಿಗೂ ಎರಡು ಸಲ ಕೇಳುವುದು ನಾಚಿಕೆಯಲ್ಲ, ಎರಡು ಸಲ ಹೇಳುವುದು ಬೇಸರವೂ ಅಲ್ಲ.

ವಾರದೊಳಗೆ ಎದುರು ಮನೆಯ ಹೆಂಗಸು ತಾನೇ ಬಂದಳು, ಒಂದು ಬಟ್ಟಲು ಹುರುಳಿಕಾಳು ಬಸ್ಸಾರು ಹಿಡಿದು. "ನಿಮ್ ಹುಡ್ಗಿ ಕಿವೀಗೆ ಏನಕ್ಕಾ ಅದು, ಹಾಡು ಕೇಳೋದಾ?"

"ಅವಳಿಗೆ ಕಿವಿ ಸ್ವಲ್ಪ ಮಂದ" ಅಂದೆ, ಮುಖ ಕೊಟ್ಟು.

"ನಂದೂ ಮಂದವೇ. ನಮ್ಮನೆಯವ್ರದೂ ಮಂದವೇ. ಆ ಕಡೆ ಮನೆ ಅಣ್ಣಂಗಂತೂ ಸಿಡ್ಲು ಹೊಡುದ್ರೂ ಗೊತ್ತಾಗಕಿಲ್ಲ. ನಮ್ಮತ್ರ ಮಿಷನ್ ಇಲ್ಲ, ಅಷ್ಟೇ."

ಅವಳೂ ನಕ್ಕಳು, ಮಗಳೂ ನಕ್ಕಳು. ನನಗೆ ನಗು ಬರಲಿಲ್ಲ. ಹುಟ್ಟಿನಿಂದ ನನ್ನ ಮಗಳಿಗೆ ಬಂದದ್ದು ಇವರಿಗೆ ಮಗ್ಗದ ದುಡಿಮೆಯಿಂದ ಬಂದಿದೆ. ಅವರು ಕಳೆದುಕೊಂಡದ್ದರಿಂದಲೇ ಈ ಬೀದಿ ನನ್ನ ಮಗಳಿಗೆ ಹಿತವಾಗಿದೆ. ಈ ಸದ್ದಿಗೆ ಅವಳ ಕಿವಿ ಇನ್ನೂ ಕೆಡುತ್ತದೆಯೇ ಎಂದು ಕಿವಿ ಡಾಕ್ಟರರನ್ನು ಕೇಳಿದಾಗ, ಬೀದಿಯಲ್ಲಿ, ಮನೆಯಲ್ಲಿ ತೊಂದರೆಯಿಲ್ಲ, ಮಗ್ಗ ನಡೆಯುವಾಗ ಆ ಕೋಣೆಯೊಳಗೆ ಹೋಗಿ ಕೂರುವುದು ಮಾತ್ರ ಬೇಡ ಅಂದರು. ಅಂದಿನಿಂದ ಮಗಳು ಎದುರು ಮನೆಯ ಮೆಟ್ಟಿಲ ಮೇಲೆ ಕೂರುತ್ತಾಳೆ, ಹೊಸಿಲು ದಾಟುವುದಿಲ್ಲ. ಮಾತೆಲ್ಲ ಅಲ್ಲಿಂದಲೇ, ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ.

ಇಷ್ಟಾದರೂ ಅವಳು ಕಾಲೇಜಿನ ಸುದ್ದಿ ಎತ್ತಿರಲಿಲ್ಲ. ಅಡ್ಮಿಷನ್ನಿನ ದಿನಗಳು ಮುಗಿಯುತ್ತಾ ಬಂದಿದ್ದವು. ಒಂದು ಬೆಳಿಗ್ಗೆ ಅವಳೇ ಮಾರ್ಕ್ಸ್ ಕಾರ್ಡ್ ಕವರಿಗೆ ಹಾಕಿಕೊಂಡು, "ಬಾ, ಹೋಗೋಣ. ನೀನು ಮಾತಾಡ್ಬೇಡ, ಸುಮ್ನೆ ಜೊತೇಲಿರು" ಅಂದಳು.

ಕಾಲೇಜಿನ ಆಫೀಸಿನಲ್ಲಿ ಕಿಟಕಿಯಾಚೆ ಕೂತಿದ್ದವರು ಕಂಪ್ಯೂಟರ್ ನೋಡುತ್ತಲೇ ಏನೋ ಕೇಳಿದರು. ಮಗಳು ಹೇಳಿದಳು, "ಸರ್, ಸ್ವಲ್ಪ ಮುಖ ಕೊಟ್ಟು ಹೇಳಿ." ಅವರ ಕೈ ಕೀಬೋರ್ಡಿನ ಮೇಲೆ ನಿಂತಿತು. ಅವರು ನನ್ನನ್ನು ನೋಡಿದರು. ಹೊಸಕೋಟೆಯಲ್ಲಾಗಿದ್ದರೆ ನಾನು ಮಧ್ಯೆ ಬಾಯಿ ಹಾಕಿ ಕ್ಷಮೆ ಕೇಳಿಬಿಡುತ್ತಿದ್ದೆ. ಈಗ ಸೆರಗಿನ ತುದಿಯ ಎಳೆಯೊಂದನ್ನು ನೋಡುತ್ತಾ ನಿಂತೆ. ಮಗಳು ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ ಮಷೀನು ತೋರಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು, ಕುರ್ಚಿಯನ್ನು ಈ ಕಡೆಗೆ ತಿರುಗಿಸಿ, ಎರಡನೇ ಭಾಷೆ ಯಾವುದು ಎಂದು ಕೇಳಿದರು. ಕನ್ನಡ ಅಂದಳು. ಅವರು ಕೂಗಲಿಲ್ಲ, ಪಿಸುಗುಟ್ಟಲಿಲ್ಲ, ಬೇರೆ ಮಕ್ಕಳನ್ನು ಕೇಳುವಂತೆಯೇ ಮಿಕ್ಕಿದ್ದನ್ನೂ ಕೇಳಿದರು.

ಆ ಸಂಜೆ ಯಜಮಾನರು, "ದೇವನಹಳ್ಳಿ ಮನೆ ಇನ್ನೂ ಖಾಲಿ ಐತಂತೆ, ಓನರ್ ಫೋನ್ ಮಾಡಿದ್ರು. ಅಲ್ಲೂ ಕಾಲೇಜೈತೆ. ಏನ್ ಹೇಳ್ಲಿ?" ಅಂದರು. ಅವರಿಗೆ ನಿದ್ದೆ ಸಾಲುತ್ತಿರಲಿಲ್ಲ, ದಿನಾ ಎರಡು ಬಸ್ಸು ಬದಲಾಯಿಸಬೇಕಿತ್ತು. ಮಗಳು ಎದುರು ಮನೆಯ ಮೆಟ್ಟಿಲ ಮೇಲಿದ್ದಳು. ಒಳಗಿನ ಹೆಂಗಸಿಗೆ ಎರಡೂ ಕೈಯಲ್ಲಿ ಏನೋ ದೊಡ್ಡ ಕಥೆ ಹೇಳುತ್ತಿದ್ದಳು. ಅದರಲ್ಲಿ ಕುರ್ಚಿ ತಿರುಗುವುದಷ್ಟೇ ನನಗೆ ಅರ್ಥವಾಯಿತು.

"ಬೇರೆಯವರಿಗೆ ಕೊಡೋಕೆ ಹೇಳಿ" ಅಂದೆ.

"ಆ?" ಅಂದರು ಯಜಮಾನರು.

ಅವರ ಕಡೆ ತಿರುಗಿ, ಗಟ್ಟಿಯಾಗಿ, ಇನ್ನೊಂದು ಸಲ ಹೇಳಿದೆ.